ರೋಗಿಗೆ ಊಟ ನಿಜವಾಗಿ ಸೇರುತ್ತಿದೆಯಾ? ತೂಕ ನೋಡುವುದರಿಂದ ಟ್ಯೂಬ್ ಫೀಡ್‌ವರೆಗೆ ನರ್ಸಿಂಗ್ ಮಾರ್ಗದರ್ಶಿ

ಒಂದು ಡೋಸ್ ಆಂಟಿಬಯೋಟಿಕ್ ತಪ್ಪಿದರೆ ಚಾರ್ಟ್‌ನಲ್ಲಿ ಕಾರಣ ಬರೆಯಬೇಕು, ಡಾಕ್ಟರಿಗೆ ತಿಳಿಸಬೇಕು, ಮುಂದಿನ ಶಿಫ್ಟ್‌ನವರಿಗೂ ಹೇಳಬೇಕು. ಅದೇ ರೋಗಿ ಸತತ ನಾಲ್ಕು ಹೊತ್ತು ಊಟ ಮುಟ್ಟದೆ ಬಿಟ್ಟರೆ? ಬಹಳ ಕಡೆ ಯಾರೂ ಏನೂ ಬರೆಯುವುದಿಲ್ಲ. ತಟ್ಟೆ ಬಂತು, ತಟ್ಟೆ ಹೋಯಿತು, ಅಷ್ಟೇ. ಊಟಕ್ಕೂ ಔಷಧಿಯಷ್ಟೇ ಗಟ್ಟಿಯಾದ ಲೆಕ್ಕ ಇರಬೇಕು ಅನ್ನುವುದು ನನ್ನ ನಂಬಿಕೆ. ಆ ಲೆಕ್ಕ ಇಡುವುದು ಹೇಗೆ, ಲೆಕ್ಕ ತಪ್ಪಿದಾಗ ಏನು ಮಾಡಬೇಕು ಅನ್ನುವುದನ್ನು ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ.

ನರ್ಸಿಂಗ್ ಓದುತ್ತಿರುವವರು, ವಾರ್ಡ್‌ನಲ್ಲಿ ಕೆಲಸ ಮಾಡುವವರು, ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರು ಎಲ್ಲರಿಗೂ ಇದರಲ್ಲಿ ಏನಾದರೂ ಸಿಗುತ್ತದೆ. ಆದರೆ ಟ್ಯೂಬ್ ಹಾಕುವ ಭಾಗ ತರಬೇತಿ ಪಡೆದವರಿಗೆ ಮಾತ್ರ. ಅದನ್ನು ಓದಿ ಕಲಿತು ಮಾಡುವುದಕ್ಕಾಗುವುದಿಲ್ಲ.

ಆಸ್ಪತ್ರೆಯಲ್ಲೇ ಇದ್ದು ಪೋಷಣೆ ಕುಗ್ಗುತ್ತದೆ ಅನ್ನುವುದು ಹೊಸ ವಿಷಯವಲ್ಲ. 1974ರಲ್ಲಿ ಚಾರ್ಲ್ಸ್ ಬಟರ್‌ವರ್ತ್ ಎಂಬ ಅಮೆರಿಕದ ವೈದ್ಯರು ಆಸ್ಪತ್ರೆಗಳ ಕೆಟ್ಟ ಅಭ್ಯಾಸಗಳನ್ನು ಪಟ್ಟಿ ಮಾಡಿದರು. ಎತ್ತರ, ತೂಕ ದಾಖಲಿಸದೇ ಇರುವುದು, ಬರೀ ಗ್ಲೂಕೋಸ್ ಮತ್ತು ಸಲೈನ್ ಮೇಲೆ ದಿನಗಟ್ಟಲೆ ಇಡುವುದು, ಪರೀಕ್ಷೆಗಳ ನೆಪದಲ್ಲಿ ಊಟ ತಪ್ಪಿಸುವುದು, ಇವೆಲ್ಲ ಆ ಪಟ್ಟಿಯಲ್ಲಿದ್ದವು. ಅರ್ಧ ಶತಮಾನ ಕಳೆದರೂ ಪಟ್ಟಿ ಹಳೆಯದಾಗಿಲ್ಲ, ಅಲ್ವಾ?

ಪೋಷಣೆ ಕಡಿಮೆಯಾದ ರೋಗಿಯ ಗಾಯ ಬೇಗ ಮಾಯುವುದಿಲ್ಲ. ಹಾಸಿಗೆ ಹುಣ್ಣು ಬೇಗ ಬರುತ್ತದೆ, ಸೋಂಕು ಬೇಗ ತಗಲುತ್ತದೆ. ಸ್ನಾಯು ಕರಗಿದಂತೆ ಎದ್ದು ನಡೆಯುವ ಶಕ್ತಿ ಹೋಗುತ್ತದೆ, ಕೆಮ್ಮಿ ಕಫ ಹೊರಹಾಕುವ ಬಲವೂ ಕಡಿಮೆಯಾಗುತ್ತದೆ.

ಮೊದಲ ಹಂತ: ತೂಕ, ಎತ್ತರ

ದಾಖಲಾದ 24 ಗಂಟೆಯೊಳಗೆ ತೂಕ ನೋಡಿ. "ಎಷ್ಟಿದ್ದೀರಿ?" ಎಂದು ಕೇಳಿ ಬರೆದುಕೊಳ್ಳುವುದಲ್ಲ, ತೂಕದ ಯಂತ್ರದ ಮೇಲೆ ನಿಲ್ಲಿಸಿ. ನಿಲ್ಲಲು ಆಗದವರಿಗೆ ಕುರ್ಚಿ ತೂಕದ ಯಂತ್ರ ಇದೆ, ಹಾಸಿಗೆ ಅಥವಾ ಹೋಯ್ಸ್ಟ್ (ರೋಗಿಯನ್ನು ಎತ್ತುವ ಸಾಧನ) ತೂಕದ ಯಂತ್ರ ಇದೆ. ಮುಂದಿನ ಸಲವೂ ಅದೇ ಯಂತ್ರ, ಸಾಧ್ಯವಾದರೆ ಅದೇ ಹೊತ್ತು, ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ಹಗುರ ಬಟ್ಟೆಯಲ್ಲಿ. ಶೂ ಬೇಡ. ಯೂರಿನ್ ಬ್ಯಾಗ್ ತುಂಬಿದ್ದರೆ ಮೊದಲು ಖಾಲಿ ಮಾಡಿ.

ಎತ್ತರ ಅಳೆಯಲು ಆಗದಿದ್ದರೆ ಮೊಣಕೈ ತುದಿಯಿಂದ ಮಣಿಕಟ್ಟಿನ ಮೂಳೆಯವರೆಗಿನ ಉದ್ದ ಅಳೆದು, ಅದರಿಂದ ಎತ್ತರ ಅಂದಾಜು ಮಾಡುವ ಕೋಷ್ಟಕ ಸಿಗುತ್ತದೆ. ತೂಕವನ್ನೂ ನೋಡಲು ಆಗದಿದ್ದರೆ ತೋಳಿನ ಮಧ್ಯದ ಸುತ್ತಳತೆ ಅಳೆಯಿರಿ. ವಯಸ್ಕರಲ್ಲಿ ಅದು 23.5 ಸೆಂ.ಮೀಗಿಂತ ಕಡಿಮೆ ಇದ್ದರೆ ಬಿಎಂಐ (ಕೆ.ಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿ) 20ಕ್ಕಿಂತ ಕೆಳಗಿರುವ ಸಾಧ್ಯತೆ ಜಾಸ್ತಿ.

ಇಲ್ಲಿ ಎರಡು ಕಡೆ ಕಣ್ಣು ಮೋಸಹೋಗುತ್ತದೆ. ಒಂದು, ಊತ. ಹೃದಯ, ಮೂತ್ರಪಿಂಡ, ಯಕೃತ್ತಿನ ಕಾಯಿಲೆ ಇದ್ದವರಲ್ಲಿ ಕಾಲು, ಹೊಟ್ಟೆಯಲ್ಲಿ ನೀರು ತುಂಬಿ ತೂಕ ಸರಿ ಇರುವಂತೆ ಕಾಣುತ್ತದೆ, ಒಳಗೆ ಸ್ನಾಯು ಕರಗುತ್ತಿರುತ್ತದೆ. ಕೆನ್ನೆಯ ಮೇಲ್ಭಾಗ, ಭುಜ, ಕತ್ತಿನ ಕೆಳಗಿನ ಮೂಳೆ, ಹೆಬ್ಬೆರಳಿನ ಬುಡದ ಸ್ನಾಯು ನೋಡಿ. ನೀರು ತುಂಬಿದರೂ ಅಲ್ಲಿನ ಕುಳಿ ಮುಚ್ಚಿಹೋಗುವುದು ಕಡಿಮೆ. ಎರಡನೆಯದು, ದಪ್ಪ ಇರುವವರು. ದಪ್ಪಗಿದ್ದಾರೆ, ಎರಡು ದಿನ ತಿನ್ನದಿದ್ದರೆ ಏನಾಗುತ್ತೆ ಅನ್ನುವ ಮಾತನ್ನು ದಯವಿಟ್ಟು ಬಿಡಿ. ಕಾಯಿಲೆಯಲ್ಲಿ ಅವರ ಸ್ನಾಯುವೂ ಅಷ್ಟೇ ವೇಗವಾಗಿ ಕರಗಬಹುದು.

ರಕ್ತದಲ್ಲಿನ ಆಲ್ಬುಮಿನ್ ಎಂಬ ಪ್ರೋಟೀನ್ ನೋಡಿ ಪೋಷಣೆ ಅಳೆಯುವ ಹಳೆಯ ರೂಢಿ ಇನ್ನೂ ಇದೆ. ಸೋಂಕು, ಉರಿಯೂತ ಇದ್ದರೆ ಆಲ್ಬುಮಿನ್ ತಾನಾಗಿಯೇ ಇಳಿಯುತ್ತದೆ. ಅದು ಕಾಯಿಲೆ ಎಷ್ಟು ಜೋರಾಗಿದೆ ಎಂದು ಹೇಳುತ್ತದೆ, ಊಟ ಎಷ್ಟು ಸೇರಿದೆ ಎಂದು ಹೇಳುವುದಿಲ್ಲ.

ಎರಡನೇ ಹಂತ: ಸ್ಕ್ರೀನಿಂಗ್

ಪೋಷಣೆ ಕುಗ್ಗುವ ಅಪಾಯ ಯಾರಿಗಿದೆ ಎಂದು ಅಂಕ ಹಾಕಿ ಗುರುತಿಸುವುದೇ ಸ್ಕ್ರೀನಿಂಗ್. ಅದಕ್ಕೆ ಹಲವು ಅಂಕಪಟ್ಟಿಗಳಿವೆ. ಆಸ್ಪತ್ರೆಯಲ್ಲಿ ಯಾವುದು ಬಳಕೆಯಲ್ಲಿದೆಯೋ ಅದನ್ನೇ ಎಲ್ಲರೂ ಒಂದೇ ರೀತಿ ಬಳಸುವುದು ಮುಖ್ಯ. ನನಗೆ ವಾರ್ಡ್ ಕೆಲಸಕ್ಕೆ ಹೆಚ್ಚು ಒಗ್ಗುವುದು ಮಸ್ಟ್. ಪೋಷಣೆಗಾಗಿ ಕೆಲಸ ಮಾಡುವ ಬ್ರಿಟನ್ನಿನ ಬೇಪೆನ್ ಸಂಸ್ಥೆ 2003ರಲ್ಲಿ ಹೊರತಂದ ಇದರಲ್ಲಿ ಮೂರೇ ಲೆಕ್ಕ.

ಬಿಎಂಐ: 20ಕ್ಕಿಂತ ಹೆಚ್ಚಿದ್ದರೆ 0, 18.5ರಿಂದ 20 ಇದ್ದರೆ 1, 18.5ಕ್ಕಿಂತ ಕಡಿಮೆ ಇದ್ದರೆ 2.

ಬೇಕೆಂದು ಇಳಿಸದ ತೂಕ, ಕಳೆದ 3ರಿಂದ 6 ತಿಂಗಳಲ್ಲಿ: ಶೇ. 5ಕ್ಕಿಂತ ಕಡಿಮೆ ಇಳಿದಿದ್ದರೆ 0, ಶೇ. 5ರಿಂದ 10 ಇಳಿದಿದ್ದರೆ 1, ಶೇ. 10ಕ್ಕಿಂತ ಹೆಚ್ಚಾದರೆ 2.

ತೀವ್ರ ಕಾಯಿಲೆ: ರೋಗಿ ತೀವ್ರವಾಗಿ ಅಸ್ವಸ್ಥರಾಗಿದ್ದು, 5 ದಿನಕ್ಕಿಂತ ಹೆಚ್ಚು ಕಾಲ ಹೊಟ್ಟೆಗೆ ಏನೂ ಹೋಗಿಲ್ಲ ಅಥವಾ ಹೋಗುವ ಹಾಗಿಲ್ಲ ಅಂದರೆ 2.

ಮೂರನ್ನೂ ಕೂಡಿಸಿ. 0 ಬಂದರೆ ಅಪಾಯ ಕಡಿಮೆ, 1 ಮಧ್ಯಮ, 2 ಅಥವಾ ಹೆಚ್ಚಾದರೆ ಅಪಾಯ ಜಾಸ್ತಿ.

ಒಂದು ಲೆಕ್ಕ ಮಾಡಿ ನೋಡೋಣ. ಒಬ್ಬರ ಎತ್ತರ 1.65 ಮೀಟರ್, ಈಗಿನ ತೂಕ 61 ಕೆ.ಜಿ. ಬಿಎಂಐ 22.4, ಅಂದರೆ ಅಂಕ 0. ನೋಡಲು ಚೆನ್ನಾಗೇ ಇದ್ದಾರೆ. ಆದರೆ ನಾಲ್ಕು ತಿಂಗಳ ಹಿಂದೆ 68 ಕೆ.ಜಿ ಇದ್ದರಂತೆ. ಇಳಿದದ್ದು 7 ಕೆ.ಜಿ. 7ನ್ನು 68ರಿಂದ ಭಾಗಿಸಿ 100ರಿಂದ ಗುಣಿಸಿದರೆ ಶೇ. 10.3, ಅಂಕ 2. ಇವರು ಹೆಚ್ಚು ಅಪಾಯದವರು! ಬರೀ ಬಿಎಂಐ ನೋಡಿದ್ದರೆ ಇವರು ಕೈತಪ್ಪಿ ಹೋಗುತ್ತಿದ್ದರು. ಹಳೆಯ ತೂಕ ಯಾರಿಗೂ ನೆನಪಿಲ್ಲವೇ? ಬಟ್ಟೆ ಸಡಿಲವಾಗಿದೆಯಾ, ಉಂಗುರ ಜಾರುತ್ತಿದೆಯಾ, ಹಲ್ಲಿನ ಸೆಟ್ ಅಲುಗಾಡುತ್ತಿದೆಯಾ ಎಂದು ಕೇಳಿ. ಉತ್ತರ ಸಿಗುತ್ತದೆ.

ಉಳಿದವುಗಳ ಬಗ್ಗೆ ಚುಟುಕಾಗಿ: ಎನ್‌ಆರ್‌ಎಸ್ 2002 ಆಸ್ಪತ್ರೆಗಳಲ್ಲಿ ಬಳಕೆಯಾಗುತ್ತದೆ. ಅದರಲ್ಲಿ ಕಾಯಿಲೆಯ ತೀವ್ರತೆಗೂ ಅಂಕ ಉಂಟು, 70 ವರ್ಷ ಅಥವಾ ಮೇಲ್ಪಟ್ಟವರಿಗೆ ಇನ್ನೊಂದು ಅಂಕ ಸೇರುತ್ತದೆ, ಒಟ್ಟು 3 ಅಥವಾ ಹೆಚ್ಚಾದರೆ ಅಪಾಯ. ವಯಸ್ಸಾದವರಿಗೆ ಎಂಎನ್‌ಎ ಚಿಕ್ಕ ರೂಪ ಒಳ್ಳೆಯದು, ಆರು ಪ್ರಶ್ನೆ, 14 ಅಂಕ. 12ರಿಂದ 14 ಸರಿ, 8ರಿಂದ 11 ಅಪಾಯದ ಅಂಚು, 7 ಅಥವಾ ಕಡಿಮೆ ಅಂದರೆ ಪೋಷಣೆ ಕುಗ್ಗಿದೆ. ಅದರಲ್ಲಿ ಬಿಎಂಐ ಸಿಗದಿದ್ದರೆ ಮೀನಖಂಡದ ಸುತ್ತಳತೆ ಬಳಸಬಹುದು. ಮಕ್ಕಳಿಗೆ ಇವು ಯಾವುವೂ ಅಲ್ಲ, ಬೇರೆ ಇವೆ. 6 ತಿಂಗಳಿಂದ 5 ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀಗಿಂತ ಕಡಿಮೆ ಇದ್ದರೆ ಅದು ತೀವ್ರ ಅಪೌಷ್ಟಿಕತೆ, ಕೂಡಲೇ ಚಿಕಿತ್ಸೆ ಬೇಕು.

ಅಂಕ ಬರೆದ ಮೇಲೆ ಕೆಲಸ ಶುರು. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಅಂಕ ಬರೆದು ಫೈಲ್ ಮುಚ್ಚುವುದೇ ಎಲ್ಲೆಲ್ಲೂ ನಡೆಯುವುದು. ಮಸ್ಟ್‌ನಲ್ಲಿ 0 ಬಂದವರಿಗೆ ಆಸ್ಪತ್ರೆಯಲ್ಲಿ ವಾರಕ್ಕೊಮ್ಮೆ ಮತ್ತೆ ನೋಡಿ. 1 ಬಂದವರಿಗೆ ಮೂರು ದಿನ ಊಟದ ಚಾರ್ಟ್ ಇಡಿ. 2 ಅಥವಾ ಹೆಚ್ಚು ಬಂದವರನ್ನು ಡಯೆಟಿಶಿಯನ್‌ಗೆ (ಆಹಾರ ತಜ್ಞರಿಗೆ) ಕಳಿಸಿ, ಮತ್ತು ಡಯೆಟಿಶಿಯನ್ ಬರುವವರೆಗೆ ಕಾಯಬೇಡಿ, ಕೆಳಗಿನ ಹಂತಗಳನ್ನು ಇವತ್ತೇ ಶುರು ಮಾಡಿ.

ಮೂರನೇ ಹಂತ: ಯಾಕೆ ತಿನ್ನುತ್ತಿಲ್ಲ?

"ಹಸಿವಿಲ್ಲವಂತೆ" ಎಂದು ಬರೆದು ಬಿಡುವುದು ಸುಲಭ. ಹಸಿವಿಲ್ಲದ್ದಕ್ಕೆ ಕಾರಣ ಇರುತ್ತದೆ, ಮತ್ತು ಅದರಲ್ಲಿ ಬಹಳಷ್ಟು ನರ್ಸ್ ಕೈಯಲ್ಲೇ ಸರಿಹೋಗುವಂಥದ್ದು.

ಬಾಯಿಂದ ಶುರು ಮಾಡಿ. ಟಾರ್ಚ್ ಹಿಡಿದು ಒಳಗೆ ನೋಡಿ. ನಾಲಿಗೆ ಒಣಗಿದೆಯಾ, ಬಿಳಿ ಪದರ ಇದೆಯಾ, ಹುಣ್ಣು, ಅಲುಗಾಡುವ ಹಲ್ಲು ಇದೆಯಾ? ಹಲ್ಲಿನ ಸೆಟ್ ಎಲ್ಲಿದೆ? ಎಷ್ಟೋ ಸಲ ಅದು ಮನೆಯಲ್ಲಿ ಉಳಿದಿರುತ್ತದೆ ಅಥವಾ ಪಕ್ಕದ ಕಪಾಟಿನಲ್ಲಿ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತದೆ. ಕನ್ನಡಕ, ಕಿವಿಯ ಯಂತ್ರವೂ ಹಾಗೇ. ತಟ್ಟೆಯಲ್ಲಿ ಏನಿದೆ ಎಂದು ಕಾಣದವರು ಹೇಗೆ ತಿನ್ನಬೇಕು?

ಆಮೇಲೆ ನೋವು. ನೋವಿನ ಮಾತ್ರೆಯ ಹೊತ್ತನ್ನು ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಬೀಳುವಂತೆ ಹೊಂದಿಸಲು ಆಗುತ್ತದಾ ಎಂದು ಡಾಕ್ಟರನ್ನು ಕೇಳಿ. ವಾಕರಿಕೆ ಇದ್ದರೆ ಅದರ ಔಷಧಿಯೂ ಊಟದ ಮುಂಚೆಯೇ. ಮಲಬದ್ಧತೆಯನ್ನು ತುಂಬಾ ಜನ ಮರೆಯುತ್ತಾರೆ, ಆರು ದಿನದಿಂದ ಹೊಟ್ಟೆ ಖಾಲಿಯಾಗದವರಿಗೆ ಹಸಿವು ಎಲ್ಲಿಂದ ಬರಬೇಕು? ಔಷಧಿಗಳ ಪಟ್ಟಿಯನ್ನೂ ಒಮ್ಮೆ ನೋಡಿ. ಬಾಯಿ ಒಣಗಿಸುವ, ರುಚಿ ಕೆಡಿಸುವ, ತೂಕಡಿಸುವಂತೆ ಮಾಡುವ ಔಷಧಿಗಳು ಅದರಲ್ಲಿ ಇರುತ್ತವೆ. ದುಃಖ, ಭಯ, ಒಂಟಿತನವೂ ಹಸಿವನ್ನು ಕೊಲ್ಲುತ್ತವೆ. ಪಕ್ಕದಲ್ಲಿ ಕೂತು ಕೇಳಿದರೆ ಮಾತ್ರ ಅದು ಹೊರಗೆ ಬರುತ್ತದೆ.

ಇನ್ನೊಂದು ಕಾರಣ ನಾವೇ ಮಾಡಿದ್ದು, ಹೊಟ್ಟೆ ಖಾಲಿ ಇಡುವ ಆದೇಶ. ರಾತ್ರಿಯಿಂದ ಖಾಲಿ ಇಟ್ಟು, ಮಧ್ಯಾಹ್ನ ಆಪರೇಷನ್ ಮುಂದಕ್ಕೆ ಹೋಯಿತು ಎಂದು ತಿಳಿಸಿ, ಮರುದಿನ ಮತ್ತೆ ಖಾಲಿ. ಸಾಮಾನ್ಯವಾಗಿ ವಯಸ್ಕರಿಗೆ ಅರಿವಳಿಕೆಗೆ 6 ಗಂಟೆ ಮುಂಚಿನವರೆಗೆ ಹಗುರ ಊಟ, 2 ಗಂಟೆ ಮುಂಚಿನವರೆಗೆ ನೀರಿನಂಥ ತಿಳಿ ದ್ರವ ಕೊಡಬಹುದು ಎಂಬ ನಿಯಮ ಇದೆ. ಹೊಟ್ಟೆ ನಿಧಾನ ಖಾಲಿಯಾಗುವವರು, ತುರ್ತು ಆಪರೇಷನ್‌ನವರು ಬೇರೆ. ಆದ್ದರಿಂದ ಅರಿವಳಿಕೆ ತಂಡವನ್ನು ಕೇಳಿ: ಎಷ್ಟು ಗಂಟೆಯಿಂದ ಖಾಲಿ ಇಡಬೇಕು? ರದ್ದಾದರೆ ಯಾವಾಗ ಊಟ ಕೊಡಬಹುದು? ಆ ಎರಡು ಉತ್ತರ ಬರೆದಿಡಿ. ರದ್ದಾದ ಕೂಡಲೇ ಊಟ ತರಿಸುವುದು ನಿಮ್ಮ ಕೆಲಸ, ಬೇರೆ ಯಾರೂ ಅದನ್ನು ನೆನಪಿಟ್ಟುಕೊಳ್ಳುವುದಿಲ್ಲ.

ಹಾಗೇ ಡ್ರಿಪ್ ಬಗ್ಗೆ ಜೊತೆಗಿರುವವರಿಗೆ ಹೇಳಿ. "ಗ್ಲೂಕೋಸ್ ಹಾಕಿದ್ದಾರಲ್ಲ, ಊಟ ಯಾಕೆ" ಅನ್ನುತ್ತಾರೆ. ಶೇ. 5ರ ಡೆಕ್ಸ್‌ಟ್ರೋಸ್ ಒಂದು ಲೀಟರ್‌ನಲ್ಲಿ ಇರುವುದು 50 ಗ್ರಾಂ ಸಕ್ಕರೆ, ಹೆಚ್ಚೆಂದರೆ 200 ಕ್ಯಾಲರಿ, ಪ್ರೋಟೀನ್ ಸೊನ್ನೆ. ಸಾಮಾನ್ಯವಾಗಿ ರೋಗಿಗೆ ದಿನಕ್ಕೆ ಕೆ.ಜಿಗೆ 25ರಿಂದ 35 ಕ್ಯಾಲರಿ, 0.8ರಿಂದ 1.5 ಗ್ರಾಂ ಪ್ರೋಟೀನ್, 30ರಿಂದ 35 ಮಿಲಿ ದ್ರವ ಬೇಕು. 60 ಕೆ.ಜಿಯವರಿಗೆ 1500ರಿಂದ 2100 ಕ್ಯಾಲರಿ, 48ರಿಂದ 90 ಗ್ರಾಂ ಪ್ರೋಟೀನ್. ಡ್ರಿಪ್ ಅದರ ಹತ್ತಿರಕ್ಕೂ ಬರುವುದಿಲ್ಲ.

ನಾಲ್ಕನೇ ಹಂತ: ಊಟದ ಹೊತ್ತು

ಊಟದ ಹೊತ್ತಲ್ಲಿ ರೌಂಡ್ಸ್, ಡ್ರೆಸ್ಸಿಂಗ್, ಎಕ್ಸ್‌ರೇಗೆ ಕರೆದೊಯ್ಯುವುದು, ಇವನ್ನೆಲ್ಲ ತುರ್ತು ಇಲ್ಲದಿದ್ದರೆ ನಿಲ್ಲಿಸಿ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಊಟದ ಹೊತ್ತನ್ನು ಹೀಗೆ ಕಾಯ್ದಿಡುವ ಪದ್ಧತಿಯೇ ಇದೆ, ಸಹಾಯ ಬೇಕಾದವರ ಊಟವನ್ನು ಕೆಂಪು ಟ್ರೇಯಲ್ಲಿ ಕಳಿಸುತ್ತಾರೆ. ಕೆಂಪು ಟ್ರೇ ಕಂಡರೆ, ಸಿಬ್ಬಂದಿ ನೋಡದೆ ಅದನ್ನು ಎತ್ತಿಕೊಂಡು ಹೋಗುವ ಹಾಗಿಲ್ಲ. ಟ್ರೇ ಇಲ್ಲದಿದ್ದರೂ ತಲೆದಿಂಬಿನ ಹತ್ತಿರ ಒಂದು ಗುರುತು ಸಾಕು.

ಊಟಕ್ಕೆ ಮುಂಚೆ: ಶೌಚಕ್ಕೆ ಹೋಗಬೇಕಾ ಕೇಳಿ. ಬಾಯಿ, ಕೈ ತೊಳೆಸಿ. ಮೂತ್ರದ ಪಾತ್ರೆ, ಕಫದ ಬಟ್ಟಲು ಕಣ್ಣಿಂದ ಮರೆ ಮಾಡಿ. ಆದಷ್ಟೂ ಕುರ್ಚಿಯಲ್ಲಿ ಕೂರಿಸಿ, ಆಗದಿದ್ದರೆ ಹಾಸಿಗೆಯಲ್ಲೇ ಬೆನ್ನು ನೇರ ಮಾಡಿ ಮೊಣಕಾಲಿನ ಕೆಳಗೆ ದಿಂಬು ಕೊಡಿ, ಇಲ್ಲದಿದ್ದರೆ ಐದೇ ನಿಮಿಷಕ್ಕೆ ಜಾರಿ ಕೆಳಗೆ ಬಂದಿರುತ್ತಾರೆ. ಟೇಬಲ್ ಕೈಗೆ ಸಿಗುವಂತಿರಲಿ. ಪ್ಯಾಕೆಟ್, ಮುಚ್ಚಳ ಬಿಚ್ಚಿಕೊಡಿ. ಇಷ್ಟು ಮಾಡಿದರೆ ಅರ್ಧ ಜನ ತಾವೇ ತಿನ್ನುತ್ತಾರೆ ಎನ್ನಿಸುತ್ತದೆ ನನಗೆ, ಮತ್ತು ತಾವೇ ತಿನ್ನುವುದು ಯಾವಾಗಲೂ ಮೇಲು.

ತಿನ್ನಿಸಲೇಬೇಕಾದಾಗ ಕೂತುಕೊಳ್ಳಿ. ನಿಂತು ತಿನ್ನಿಸಿದರೆ ರೋಗಿ ತಲೆ ಎತ್ತಬೇಕಾಗುತ್ತದೆ, ತಲೆ ಹಿಂದಕ್ಕೆ ಹೋದರೆ ಶ್ವಾಸನಾಳದ ದಾರಿ ತೆರೆದುಕೊಳ್ಳುತ್ತದೆ. ನಿಮ್ಮ ಕಣ್ಣು ಅವರ ಕಣ್ಣಿನ ಮಟ್ಟದಲ್ಲಿ ಅಥವಾ ಸ್ವಲ್ಪ ಕೆಳಗೆ ಇರಲಿ. ಏನು ಕೊಡುತ್ತಿದ್ದೀರಿ ಎಂದು ಹೇಳಿ. ಚಿಕ್ಕ ಚಮಚ, ಚಮಚದ ಮುಕ್ಕಾಲಿಗಿಂತ ಕಡಿಮೆ. ಎಲ್ಲ ಪದಾರ್ಥ ಒಟ್ಟಿಗೆ ಕಲಸಿ ಮುದ್ದೆ ಮಾಡಬೇಡಿ, ಯಾವುದು ಮೊದಲು ಬೇಕು ಎಂದು ಅವರನ್ನೇ ಕೇಳಿ. ನುಂಗಿದ್ದನ್ನು ಗಂಟಲಿನ ಚಲನೆಯಲ್ಲಿ ನೋಡಿ, ಬಾಯಿ ಖಾಲಿಯಾದ ಮೇಲೆ ಮುಂದಿನ ತುತ್ತು. ಬಾಯಲ್ಲಿ ತುತ್ತು ಇರುವಾಗ ಪ್ರಶ್ನೆ ಕೇಳಬೇಡಿ. ಇದಕ್ಕೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ, ಹತ್ತು ನಿಮಿಷದಲ್ಲಿ ಮುಗಿಸಿದ್ದೀರಿ ಅಂದರೆ ತುರುಕಿದ್ದೀರಿ ಎಂದೇ ಅರ್ಥ. ಒಬ್ಬ ನರ್ಸ್‌ಗೆ ಐದು ಜನರನ್ನು ತಿನ್ನಿಸುವ ಕೆಲಸ ಬಿದ್ದರೆ ಅದು ಆಗದ ಮಾತು. ಊಟದ ಹೊತ್ತನ್ನು ಹಂಚಿ, ಮನೆಯವರಿಗೆ ಕಲಿಸಿ, ಸಹಾಯಕರನ್ನು ಕರೆಯಿರಿ.

ಪಾರ್ಶ್ವವಾಯು ಆದವರಿಗೆ ಶಕ್ತಿ ಇರುವ ಕಡೆಯ ಕೆನ್ನೆಗೆ ತುತ್ತು ಇಡಿ, ಮತ್ತೊಂದು ಕೆನ್ನೆಯಲ್ಲಿ ಉಳಿದಿದೆಯಾ ಎಂದು ಆಮೇಲೆ ನೋಡಿ. ಕೆಲವರಿಗೆ ತಟ್ಟೆಯ ಒಂದು ಬದಿ ಗಮನಕ್ಕೇ ಬರುವುದಿಲ್ಲ, ಅರ್ಧ ತಟ್ಟೆ ಅಚ್ಚುಕಟ್ಟಾಗಿ ಹಾಗೇ ಉಳಿದಿದ್ದರೆ ತಟ್ಟೆ ತಿರುಗಿಸಿ ನೋಡಿ.

ಮರೆವಿನ ಕಾಯಿಲೆ ಇರುವವರ ವಿಷಯವೇ ಬೇರೆ. ಟಿವಿ ಆರಿಸಿ. ಒಂದು ಸಲಕ್ಕೆ ಒಂದೇ ಪದಾರ್ಥ ಮುಂದಿಡಿ. ತಟ್ಟೆಯ ಬಣ್ಣ ಊಟದ ಬಣ್ಣಕ್ಕಿಂತ ಬೇರೆ ಇರಲಿ. ಅವರ ಕೈಗೇ ಚಮಚ ಕೊಟ್ಟು ಅದರ ಕೆಳಗೆ ನಿಮ್ಮ ಕೈ ಇಟ್ಟು ಬಾಯಿಯವರೆಗೆ ಒಯ್ಯಿರಿ, ಒಂದೆರಡು ತುತ್ತಿಗೆ ಕೈಯೇ ನೆನಪು ಮಾಡಿಕೊಂಡು ಮುಂದುವರಿಯುವುದುಂಟು. ಕೈಯಲ್ಲಿ ಹಿಡಿದು ತಿನ್ನುವಂಥದ್ದು ಕೊಟ್ಟರೆ ಓಡಾಡುತ್ತಲೇ ತಿನ್ನುತ್ತಾರೆ. ಬಾಯಿ ಮುಚ್ಚಿ ಮುಖ ತಿರುಗಿಸಿದರೆ ನಿಲ್ಲಿಸಿ, ಇಪ್ಪತ್ತು ನಿಮಿಷ ಬಿಟ್ಟು ಬನ್ನಿ. ಮೂಗು ಹಿಡಿದು ಬಾಯಿ ತೆರೆಸುವುದು, ಬಲವಂತವಾಗಿ ಚಮಚ ತೂರಿಸುವುದು ಯಾವ ಕಾರಣಕ್ಕೂ ಬೇಡ.

ಐದನೇ ಹಂತ: ನುಂಗುವುದು ಸುರಕ್ಷಿತವಾ?

ಎಚ್ಚರ ಇಲ್ಲದವರಿಗೆ, ತೂಕಡಿಸುತ್ತಿರುವವರಿಗೆ ಬಾಯಿಗೆ ಏನೂ ಹಾಕಬೇಡಿ. ಪಾರ್ಶ್ವವಾಯು ಆದವರಿಗೆ ನುಂಗುವ ಪರೀಕ್ಷೆ ಆಗುವವರೆಗೆ ಊಟ, ನೀರು, ಮಾತ್ರೆ ಯಾವುದೂ ಬೇಡ.

ಅಪಾಯದ ಗುರುತುಗಳು: ತಿನ್ನುವಾಗ ಕೆಮ್ಮು, ಕುಡಿದ ಮೇಲೆ ಗಂಟಲಲ್ಲಿ ನೀರು ನಿಂತಂಥ ದನಿ, ಕಣ್ಣಲ್ಲಿ ನೀರು, ಉಸಿರಿನ ವೇಗ ಏರುವುದು, ಒಂದೇ ತುತ್ತಿಗೆ ಮೂರು ನಾಲ್ಕು ಸಲ ನುಂಗುವುದು, ಪದೇ ಪದೇ ಬರುವ ಎದೆಯ ಸೋಂಕು. ಆದರೆ ಕೆಮ್ಮೇ ಇಲ್ಲದೆ ಶ್ವಾಸಕೋಶಕ್ಕೆ ಇಳಿಯುವುದೂ ಇದೆ. ಕೆಮ್ಮಲಿಲ್ಲ ಎಂದು ನಿಶ್ಚಿಂತೆ ಆಗಬೇಡಿ. ಅನುಮಾನ ಬಂದರೆ ನಿಲ್ಲಿಸಿ, ನುಂಗುವಿಕೆ ಪರೀಕ್ಷಿಸುವ ಸ್ಪೀಚ್ ಥೆರಪಿಸ್ಟ್‌ಗೆ ತಿಳಿಸಿ.

ಅವರು ಆಹಾರದ ಮಟ್ಟ ಹೇಳುತ್ತಾರೆ. ಜಗತ್ತಿನ ಬಹಳ ಕಡೆ ಈಗ ಇಡ್ಸಿ ಎಂಬ ಅಳತೆ ಇದೆ, 0ಯಿಂದ 7ರವರೆಗೆ. 0 ಅಂದರೆ ನೀರು, 4 ಅಂದರೆ ನುಣ್ಣಗೆ ರುಬ್ಬಿದ್ದು, 7 ಅಂದರೆ ಎಂದಿನ ಊಟ. 5ನೇ ಮಟ್ಟದಲ್ಲಿ ವಯಸ್ಕರಿಗೆ ತುಣುಕು 4 ಮಿ.ಮೀಗಿಂತ ದೊಡ್ಡದಿರಬಾರದು, 6ನೇ ಮಟ್ಟದಲ್ಲಿ 1.5 ಸೆಂ.ಮೀ ಮೀರಬಾರದು. ದ್ರವದ ಗಟ್ಟಿತನ ನೋಡಲು 10 ಮಿಲಿ ಸಿರಿಂಜ್ ಸಾಕು. ತುಂಬಿ, 10 ಸೆಕೆಂಡ್ ಹರಿಯಲು ಬಿಡಿ. 1ರಿಂದ 4 ಮಿಲಿ ಉಳಿದರೆ ಮಟ್ಟ 1, 4ರಿಂದ 8 ಉಳಿದರೆ ಮಟ್ಟ 2, 8ಕ್ಕಿಂತ ಹೆಚ್ಚು ಉಳಿದು ಸ್ವಲ್ಪವಾದರೂ ಹರಿದರೆ ಮಟ್ಟ 3. ಸಿರಿಂಜ್ ಅಳತೆಗಳು ತಯಾರಿಕೆಯ ಪ್ರಕಾರ ಬದಲಾಗುತ್ತವೆ, ಸೊನ್ನೆಯಿಂದ 10 ಮಿಲಿ ಗೆರೆಯವರೆಗಿನ ಉದ್ದ 61.5 ಮಿ.ಮೀ ಇರುವುದನ್ನು ಬಳಸಿ. ಕಣ್ಣಂದಾಜಿನಲ್ಲಿ ಬೆರೆಸಿದರೆ ಒಂದು ಶಿಫ್ಟ್‌ನಲ್ಲಿ ನೀರು, ಮತ್ತೊಂದು ಶಿಫ್ಟ್‌ನಲ್ಲಿ ಅಂಟು ಆಗುತ್ತದೆ.

ಗಟ್ಟಿ ಮಾಡಿದ ದ್ರವ ಯಾರಿಗೂ ಇಷ್ಟವಾಗುವುದಿಲ್ಲ, ಕುಡಿಯುವುದು ಕಡಿಮೆಯಾಗಿ ದೇಹ ಒಣಗುತ್ತದೆ. ಆದ್ದರಿಂದ ದ್ರವದ ಲೆಕ್ಕ ಇಡಲೇಬೇಕು. ಇನ್ನೊಂದು ಎಚ್ಚರಿಕೆ: ಪಿಷ್ಟದಿಂದ ಮಾಡಿದ ಗಟ್ಟಿಕಾರಕಕ್ಕೆ ಪಾಲಿಎಥಿಲಿನ್ ಗ್ಲೈಕಾಲ್ ಇರುವ ಮಲಬದ್ಧತೆಯ ಪುಡಿ ಸೇರಿದರೆ ದ್ರವ ಮತ್ತೆ ತೆಳ್ಳಗಾಗುತ್ತದೆ, ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು.

ಊಟದ ನಂತರ ಬಾಯಿ ಸ್ವಚ್ಛ ಮಾಡಿ, ಕನಿಷ್ಠ 30 ನಿಮಿಷ ಕೂತೇ ಇರಲಿ. ಬಾಯಿಯ ಸ್ವಚ್ಛತೆಯನ್ನು ಹಗುರವಾಗಿ ಕಾಣಬೇಡಿ. ಕೊಳಕು ಬಾಯಿಯ ಬ್ಯಾಕ್ಟೀರಿಯಾ ಜೊಲ್ಲಿನ ಜೊತೆ ಒಳಗಿಳಿದರೂ ನ್ಯುಮೋನಿಯಾ ಬರುತ್ತದೆ, ಏನೂ ತಿನ್ನದವರಿಗೂ.

ಆರನೇ ಹಂತ: ಕಡಿಮೆ ತುತ್ತಿನಲ್ಲಿ ಹೆಚ್ಚು

ಸ್ವಲ್ಪವೇ ತಿನ್ನುವವರ ಮುಂದೆ ದೊಡ್ಡ ತಟ್ಟೆ ಇಟ್ಟರೆ ನೋಡಿಯೇ ಸಾಕೆನಿಸುತ್ತದೆ. ಚಿಕ್ಕ ಪಾಲು, ದಿನಕ್ಕೆ ಆರು ಸಲ. ಇರುವ ಆಹಾರಕ್ಕೇ ಹಾಲಿನ ಪುಡಿ, ಎಣ್ಣೆ, ಬೆಣ್ಣೆ ಸೇರಿಸಿದರೆ ಪ್ರಮಾಣ ಹೆಚ್ಚದೆ ಶಕ್ತಿ ಹೆಚ್ಚುತ್ತದೆ. ನೀರನ್ನು ಊಟದ ಜೊತೆ ಹೊಟ್ಟೆ ತುಂಬ ಕುಡಿಸಬೇಡಿ, ಊಟದ ನಡುವಿನ ಹೊತ್ತಿಗೆ ಇಡಿ. ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದರೆ ಡಯೆಟಿಶಿಯನ್ ಹೇಳಿದ ಮೇಲೆಯೇ.

ಕುಡಿಯುವ ಪೋಷಕ ಪಾನೀಯ ಬರೆದುಕೊಟ್ಟಿದ್ದರೆ ಊಟದ ಬದಲಿಗೆ ಕೊಡಬೇಡಿ, ಎರಡು ಊಟದ ನಡುವೆ ಕೊಡಿ. ತಣ್ಣಗಿದ್ದರೆ ಹೆಚ್ಚು ಜನ ಕುಡಿಯುತ್ತಾರೆ. ಒಂದೇ ಸಲ ಆಗದಿದ್ದರೆ ಔಷಧಿ ಕೊಡುವ ಹೊತ್ತಿಗೆಲ್ಲ 50-60 ಮಿಲಿಯಂತೆ ಕೊಡುವ ಕ್ರಮ ತುಂಬಾ ಚೆನ್ನಾಗಿ ಕೆಲಸ ಮಾಡುತ್ತದೆ, ಔಷಧಿ ಚಾರ್ಟ್‌ನಲ್ಲೇ ಬರೆದಿರುವುದರಿಂದ ಯಾರೂ ಮರೆಯುವುದಿಲ್ಲ.

ಚಾರ್ಟ್ ವಿಷಯ ಬಂತು. "ಊಟ ಮಾಡಿದರು", "ಚೆನ್ನಾಗಿ ತಿಂದರು" ಅನ್ನುವ ಬರಹದಿಂದ ಏನೂ ಗೊತ್ತಾಗುವುದಿಲ್ಲ. ಯಾವ ಪದಾರ್ಥ, ಎಷ್ಟು ಕೊಟ್ಟಿರಿ, ಅದರಲ್ಲಿ ಸೊನ್ನೆ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ, ಇದರಲ್ಲಿ ಎಷ್ಟು ಹೊಟ್ಟೆಗೆ ಹೋಯಿತು ಎಂದು ಬರೆಯಿರಿ. ತಟ್ಟೆ ಎತ್ತುವ ಮುಂಚೆಯೇ ಬರೆಯಿರಿ. ತಿನ್ನದಿದ್ದರೆ ಕಾರಣವನ್ನೂ ಬರೆಯಿರಿ. ಮೂರು ದಿನದಲ್ಲಿ ಬೇಕಾದ್ದರ ಅರ್ಧವೂ ಹೋಗಿಲ್ಲ ಅಂದರೆ ರೌಂಡ್ಸ್‌ನಲ್ಲಿ ಚಾರ್ಟ್ ಕೈಯಲ್ಲಿ ಹಿಡಿದು ಹೇಳಿ.

ನಿಧಾನ, ತುಂಬಾ ದಿನ ತಿನ್ನದವರಿಗೆ ಒಮ್ಮೆಲೇ ಕೊಡಬೇಡಿ

ಈ ಭಾಗ ಜೀವದ ಪ್ರಶ್ನೆ. ದಿನಗಟ್ಟಲೆ ಉಪವಾಸ ಇದ್ದ ದೇಹಕ್ಕೆ ಥಟ್ಟನೆ ಪೂರ್ತಿ ಆಹಾರ ಕೊಟ್ಟರೆ ಇನ್ಸುಲಿನ್ ಏರುತ್ತದೆ, ರಕ್ತದಲ್ಲಿನ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ಹೋಗಿ ರಕ್ತದಲ್ಲಿ ಕುಸಿಯುತ್ತವೆ. ಹೃದಯದ ಲಯ ತಪ್ಪಬಹುದು, ಉಸಿರಾಟದ ಸ್ನಾಯು ಸೋಲಬಹುದು. ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ ಹಸಿದ ಕೈದಿಗಳಲ್ಲಿ ಇದು ಮೊದಲು ಚೆನ್ನಾಗಿ ಗುರುತಿಸಲ್ಪಟ್ಟಿತು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಎನ್ನುತ್ತಾರೆ.

ಚಿಕಿತ್ಸೆಯ ಮಾರ್ಗಸೂಚಿ ಹೊರತರುವ ಬ್ರಿಟನ್ನಿನ ನೈಸ್ ಸಂಸ್ಥೆಯ 2006ರ ಮಾರ್ಗಸೂಚಿ ಪ್ರಕಾರ ಇವುಗಳಲ್ಲಿ ಒಂದಿದ್ದರೂ ಅಪಾಯ: ಬಿಎಂಐ 16ಕ್ಕಿಂತ ಕಡಿಮೆ; 3ರಿಂದ 6 ತಿಂಗಳಲ್ಲಿ ಶೇ. 15ಕ್ಕಿಂತ ಹೆಚ್ಚು ತೂಕ ಇಳಿದಿರುವುದು; 10 ದಿನಕ್ಕಿಂತ ಹೆಚ್ಚು ಏನೂ ಸರಿಯಾಗಿ ತಿನ್ನದಿರುವುದು; ಆಹಾರ ಕೊಡುವ ಮುಂಚೆಯೇ ಆ ಮೂರು ಲವಣಗಳಲ್ಲಿ ಯಾವುದಾದರೂ ಕಡಿಮೆ ಇರುವುದು. ಬಿಎಂಐ 18.5ಕ್ಕಿಂತ ಕಡಿಮೆ, ಶೇ. 10ಕ್ಕಿಂತ ಹೆಚ್ಚು ತೂಕ ಇಳಿಕೆ, 5 ದಿನಕ್ಕಿಂತ ಹೆಚ್ಚು ಊಟ ಇಲ್ಲ, ಮದ್ಯದ ಚಟ ಅಥವಾ ಇನ್ಸುಲಿನ್, ಕೀಮೋ, ಆಂಟಾಸಿಡ್, ಮೂತ್ರವರ್ಧಕದ ಬಳಕೆ, ಇವುಗಳಲ್ಲಿ ಎರಡಿದ್ದರೂ ಅಪಾಯವೇ.

ಇಂಥವರಿಗೆ ಶುರುವಿನಲ್ಲಿ ದಿನಕ್ಕೆ ಕೆ.ಜಿಗೆ ಹೆಚ್ಚೆಂದರೆ 10 ಕ್ಯಾಲರಿ, ಅತಿ ಹೆಚ್ಚು ಅಪಾಯದವರಿಗೆ 5. ಆಮೇಲೆ ನಾಲ್ಕರಿಂದ ಏಳು ದಿನದಲ್ಲಿ ನಿಧಾನ ಏರಿಸುವುದು. ಇದನ್ನು ನಿರ್ಧರಿಸುವುದು ಡಾಕ್ಟರ್ ಮತ್ತು ಡಯೆಟಿಶಿಯನ್. ನಿಮ್ಮ ಪಾಲಿನದ್ದು: ಥಯಾಮಿನ್ (ಬಿ1 ವಿಟಮಿನ್) ಮೊದಲ ಫೀಡ್‌ಗೆ ಮುಂಚೆಯೇ ಹೋಗಿದೆಯಾ ನೋಡುವುದು, ದಿನಾ ರಕ್ತಪರೀಕ್ಷೆ ಹೋಗಿದೆಯಾ ನೋಡುವುದು, ನಾಡಿ, ಉಸಿರು, ಊತ, ಗೊಂದಲ ಗಮನಿಸುವುದು. ಮತ್ತು ಪ್ರೀತಿಯಿಂದ ಡಬ್ಬಿ ತುಂಬ ಊಟ ತರುವ ಮನೆಯವರಿಗೆ, ಯಾಕೆ ಸ್ವಲ್ಪ ಸ್ವಲ್ಪ ಕೊಡಬೇಕು ಎಂದು ಅರ್ಥ ಮಾಡಿಸುವುದು.

ಟ್ಯೂಬ್ ಮೂಲಕ ಕೊಡುವಾಗ

ಬಾಯಿಂದ ಸಾಕಷ್ಟು ಆಗುತ್ತಿಲ್ಲ ಅಥವಾ ಸುರಕ್ಷಿತವಲ್ಲ, ಆದರೆ ಹೊಟ್ಟೆ ಮತ್ತು ಕರುಳು ಕೆಲಸ ಮಾಡುತ್ತಿವೆ, ಆಗ ಮೂಗಿನಿಂದ ಹೊಟ್ಟೆಗೆ ಇಳಿಸುವ ಟ್ಯೂಬ್. ಮುಂದುವರಿದ ಮರೆವಿನ ಕಾಯಿಲೆಯಲ್ಲಿ ಮಾತ್ರ ಟ್ಯೂಬ್‌ಗಿಂತ ನಿಧಾನವಾಗಿ ಕೈಯಿಂದ ತಿನ್ನಿಸುವುದೇ ಮೇಲು ಎನ್ನುತ್ತಾರೆ ತಜ್ಞರು, ನನಗೂ ಅದೇ ಸರಿ ಎನ್ನಿಸುತ್ತದೆ. ಟ್ಯೂಬ್ ಬೇಕಾ ಬೇಡವಾ ಎಂದು ರೋಗಿಯನ್ನು, ಮನೆಯವರನ್ನು ಕೇಳಿಯೇ ಮುಂದುವರಿಯಬೇಕು.

ಎಷ್ಟು ಒಳಗೆ ಹೋಗಬೇಕು ಅನ್ನುವುದಕ್ಕೆ ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿಯವರೆಗೆ ಅಳೆಯುತ್ತೇವೆ. ಹಾಕಿದ ಮೇಲೆ ಟ್ಯೂಬ್ ಎಲ್ಲಿದೆ ಎಂದು ಖಚಿತವಾಗುವವರೆಗೆ ಅದರೊಳಗೆ ಒಂದು ಹನಿ ನೀರೂ ಹೋಗಬಾರದು. ಗಾಳಿ ಊದಿ ಹೊಟ್ಟೆಯ ಮೇಲೆ ಸ್ಟೆಥಸ್ಕೋಪ್ ಇಟ್ಟು ಕೇಳುವ ಪದ್ಧತಿಯನ್ನು ದಯವಿಟ್ಟು ನಂಬಬೇಡಿ. ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಕೇಳಬಹುದು, ಇದರಿಂದ ರೋಗಿಗಳು ಸತ್ತಿದ್ದಾರೆ. ಒಳಗಿನ ದ್ರವ ಎಳೆದು, ಆಮ್ಲತೆ ತೋರಿಸುವ ಪಿಎಚ್ ಪಟ್ಟಿಯಲ್ಲಿ ನೋಡಿ, 5.5 ಅಥವಾ ಕಡಿಮೆ ಇರಬೇಕು. ದ್ರವ ಬರದಿದ್ದರೆ ಎಡಕ್ಕೆ ಮಲಗಿಸಿ, 15ರಿಂದ 30 ನಿಮಿಷ ಕಾದು ಮತ್ತೆ ಎಳೆಯಿರಿ. ಆಗಲೂ ಬರದಿದ್ದರೆ, ಅಥವಾ ಪಿಎಚ್ ಹೆಚ್ಚಿದ್ದರೆ, ಎಕ್ಸ್‌ರೇ. ಆಮ್ಲ ಕಡಿಮೆ ಮಾಡುವ ಔಷಧಿ ತೆಗೆದುಕೊಳ್ಳುವವರಲ್ಲಿ ಟ್ಯೂಬ್ ಸರಿಯಾದ ಜಾಗದಲ್ಲಿದ್ದರೂ ಪಿಎಚ್ ಹೆಚ್ಚು ಬರುತ್ತದೆ. ಮೂಗಿನ ಹತ್ತಿರ ಟ್ಯೂಬ್‌ನ ಮೇಲೆ ಎಷ್ಟು ಸೆಂ.ಮೀ ಗುರುತು ಇದೆ ಎಂದು ಬರೆದು, ಪ್ರತಿ ಫೀಡ್‌ಗೆ ಮುಂಚೆ, ವಾಂತಿ ಅಥವಾ ಜೋರು ಕೆಮ್ಮಿನ ನಂತರ ಮತ್ತೆ ನೋಡಿ.

ಫೀಡ್ ಹೋಗುವಾಗ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ, ಮುಗಿದ ಮೇಲೂ 30 ನಿಮಿಷದಿಂದ ಒಂದು ಗಂಟೆ ಹಾಗೇ. ಬೆಡ್‌ಶೀಟ್ ಬದಲಿಸಲು ಮಲಗಿಸಬೇಕಾದರೆ ಫೀಡ್ ನಿಲ್ಲಿಸಿ, ಮುಗಿದ ಮೇಲೆ ಮರೆಯದೆ ಮತ್ತೆ ಶುರು ಮಾಡಿ. ದಿನಕ್ಕೆ 1500 ಮಿಲಿಯನ್ನು 20 ಗಂಟೆಯಲ್ಲಿ ಕೊಡಬೇಕಾದರೆ ಗಂಟೆಗೆ 75 ಮಿಲಿ. ಮಧ್ಯೆ ಮೂರು ಗಂಟೆ ನಿಂತಿದ್ದರೆ 225 ಮಿಲಿ ಕಡಿಮೆ ಹೋಗಿದೆ ಎಂದರ್ಥ. ಪಂಪ್‌ನಲ್ಲಿ ಬರೆದದ್ದನ್ನಲ್ಲ, ಒಳಗೆ ಹೋದದ್ದನ್ನು ಬರೆಯಿರಿ.

ಪುಡಿ ಕಲಸಿದ ಅಥವಾ ಡಬ್ಬಿ ತೆರೆದು ಸುರಿದ ಫೀಡ್ 4 ಗಂಟೆಗಿಂತ ಹೆಚ್ಚು ನೇತು ಹಾಕಬೇಡಿ. ಮುಚ್ಚಿದ ಸಿದ್ಧ ಬಾಟಲಿಯಾದರೆ ಸಾಮಾನ್ಯವಾಗಿ 24 ಗಂಟೆ. ಕೈ ತೊಳೆಯುವುದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಟ್ಯೂಬ್ ಕಟ್ಟಿಕೊಳ್ಳದಿರಲು ಫೀಡ್‌ಗೆ ಮುಂಚೆ, ನಂತರ, ಔಷಧಿಗೆ ಮುಂಚೆ, ನಂತರ ನೀರು ಹಾಯಿಸಿ. ವಯಸ್ಕರಿಗೆ ಸಾಮಾನ್ಯವಾಗಿ 30 ಮಿಲಿ, ದ್ರವಕ್ಕೆ ಮಿತಿ ಇರುವವರಿಗೆ ಕಡಿಮೆ. ಔಷಧಿಗಳನ್ನು ಒಂದೊಂದಾಗಿ ಕೊಡಿ, ಫೀಡ್‌ಗೆ ಬೆರೆಸಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಕರುಳಿನಲ್ಲಿ ಕರಗುವಂತೆ ಲೇಪ ಇರುವ ಮಾತ್ರೆ ಪುಡಿ ಮಾಡಲೇಬಾರದು. ಫಾರ್ಮಸಿಸ್ಟ್ ಅನ್ನು ಕೇಳಿ, ದ್ರವರೂಪ ಇದೆಯಾ ನೋಡಿ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್‌ನಂಥ ಕೆಲವು ಔಷಧಿ ಫೀಡ್ ಜೊತೆ ಸೇರಿದರೆ ಸರಿಯಾಗಿ ಒಳಸೇರುವುದಿಲ್ಲ. ಕಟ್ಟಿಕೊಂಡರೆ ದೊಡ್ಡ ಸಿರಿಂಜ್‌ನಲ್ಲಿ ಬೆಚ್ಚಗಿನ ನೀರು, ಮೆಲ್ಲಗೆ ಹಿಂದೆ ಮುಂದೆ. ಟ್ಯೂಬ್ ಒಳಗೆ ತಂತಿ ತೂರಿಸಬೇಡಿ.

ಭೇದಿ ಶುರುವಾದರೆ ಫೀಡ್ ಮೇಲೆ ದೂರು ಹಾಕಿ ನಿಲ್ಲಿಸುವುದು ರೂಢಿ. ಮೊದಲು ಆಂಟಿಬಯೋಟಿಕ್, ಸಾರ್ಬಿಟಾಲ್ ಎಂಬ ಸಿಹಿಕಾರಕ ಇರುವ ಸಿರಪ್‌ಗಳು, ಸೋಂಕು, ಫೀಡ್‌ನ ಸ್ವಚ್ಛತೆ ನೋಡಿ. ಬಹಳ ಸಲ ಕಾರಣ ಅಲ್ಲೇ ಸಿಗುತ್ತದೆ. ಹೊಟ್ಟೆ ಉಬ್ಬರ, ವಾಂತಿ, ಥಟ್ಟನೆ ಉಸಿರಾಟದ ತೊಂದರೆ ಬಂದರೆ ಮಾತ್ರ ಕೂಡಲೇ ನಿಲ್ಲಿಸಿ ಡಾಕ್ಟರಿಗೆ ಹೇಳಿ.

ಹೊಟ್ಟೆಯ ಮೇಲೆ ನೇರ ಹಾಕಿದ ಪೆಗ್ ಟ್ಯೂಬ್ ಆಕಸ್ಮಿಕವಾಗಿ ಹೊರಗೆ ಬಂದರೆ ಡಾಕ್ಟರಿಗೆ ತಿಳಿಸಲು ತಡ ಮಾಡಬೇಡಿ, ಆ ರಂಧ್ರ ಕೆಲವೇ ಗಂಟೆಗಳಲ್ಲಿ ಮುಚ್ಚಿಕೊಳ್ಳಲು ಶುರುವಾಗುತ್ತದೆ.

ಮನೆಗೆ ಕಳಿಸುವಾಗ

ಡಿಸ್ಚಾರ್ಜ್ ದಿನ ಮತ್ತೆ ತೂಕ ನೋಡಿ, ದಾಖಲಾದ ದಿನದ ತೂಕದ ಪಕ್ಕದಲ್ಲೇ ಬರೆಯಿರಿ. ಪೋಷಣೆಯ ಅಂಕ, ಆಹಾರದ ಮಟ್ಟ, ಪೋಷಕ ಪಾನೀಯ ಎಷ್ಟು ದಿನ, ಮುಂದಿನ ತೂಕ ಯಾವಾಗ, ಯಾರು ನೋಡಬೇಕು, ಇವೆಲ್ಲ ಡಿಸ್ಚಾರ್ಜ್ ಕಾಗದದಲ್ಲಿ ಇರಲಿ. ತಿನ್ನಿಸುವವರು ಯಾರೋ ಅವರಿಂದಲೇ ಒಂದು ಹೊತ್ತು ನಿಮ್ಮ ಮುಂದೆ ತಿನ್ನಿಸಿ ನೋಡಿ, ಟ್ಯೂಬ್ ಇದ್ದರೆ ಅವರೇ ಫೀಡ್ ಕೊಟ್ಟು ತೋರಿಸಲಿ. ಟ್ಯೂಬ್ ಹೊರಬಂದರೆ, ಕಟ್ಟಿಕೊಂಡರೆ, ಜ್ವರ ಅಥವಾ ಉಸಿರಾಟದ ತೊಂದರೆ ಬಂದರೆ ಯಾರಿಗೆ ಫೋನ್ ಮಾಡಬೇಕು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ, ರಾತ್ರಿ ಹೊತ್ತಿನ ನಂಬರೂ ಅದರಲ್ಲಿ ಇರಲಿ.